ಹೊಳೆ, ಮೋಟರ್, ರೋಗ: ಎಲ್ಲಕ್ಕೂ ಡೆಲ್ಟಾ

(ಬಾಗಲಕೋಟೆಯ ನವನಗರದಲ್ಲಿ ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭೆಯಲ್ಲಿದ್ದವರ ಮಾತುಗಳನ್ನು ಅಲ್ಲಲ್ಲಿ ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಅಕ್ಷರದ ಹೆಸರಿನ ಬಗ್ಗೆ ಮಾತಾಡುತ್ತೇನೆ. ಡೆಲ್ಟಾ. ಗ್ರೀಕ್ ವರ್ಣಮಾಲೆಯಲ್ಲಿ ನಾಲ್ಕನೆಯದು. ದೊಡ್ಡಕ್ಷರವಾದರೆ ಮೂರು ಗೆರೆಯ ತ್ರಿಕೋನ. ಸಣ್ಣಕ್ಷರವಾದರೆ ತಲೆಯ ಮೇಲೆ ಬಾಲ ಬಂದ ಸೊನ್ನೆ. ಇಷ್ಟಕ್ಕೆ ಒಂದು ತಾಸು ಬೇಕಾ ಅಂತ ನಿಮಗೆ ಅನಿಸಬಹುದು. ಅದಕ್ಕೇ ಮೊದಲು ನಿಮ್ಮನ್ನೇ ಕೇಳುತ್ತೇನೆ. ಡೆಲ್ಟಾ ಅಂದ ಕೂಡಲೇ ಏನು ನೆನಪಾಗುತ್ತೆ?

ಮುಂದಿನ ಸಾಲಿನ ಹುಡುಗಿಯೊಬ್ಬಳು "ಹೊಳಿ ಸಮುದ್ರ ಸೇರೋ ಕಡೆ ಇರತೈತಲ್ರೀ ಸರ, ಮುಖಜ ಭೂಮಿ" ಎಂದಳು. ಹಿಂದೆ ಕೂತ ಹಿರಿಯರೊಬ್ಬರು "ಪಂಪ್‌ಸೆಟ್ ಸ್ಟಾರ್ಟರ್ ರೀ, ಸ್ಟಾರ್ ಡೆಲ್ಟಾ" ಎಂದರು. ನಡುವಿನಿಂದ ಇನ್ನೊಂದು ಧ್ವನಿ ಬಂತು: "ಕೊರೊನಾ."

ಮೂರೂ ಸರಿ. ಆದರೆ ಹೊಳೆಗೂ ಮೋಟರಿಗೂ ರೋಗಕ್ಕೂ ಏನು ಸಂಬಂಧ? ಏನೂ ಇಲ್ಲ. ಹಾಗಾದರೆ ಒಂದೇ ಹೆಸರು ಮೂರು ಕಡೆ ಹೇಗೆ ಹೋಯಿತು? ನನಗೆ ತಿಳಿದ ಉತ್ತರ ಇದು. ಈ ಹೆಸರಿಗೆ ಹುಟ್ಟಿದಾಗ ಒಂದು ಅರ್ಥ ಇತ್ತು. ಅದು ದಾರಿಯಲ್ಲಿ ಕಳೆದುಹೋಯಿತು. ಹೆಸರು ಖಾಲಿಯಾಯಿತು. ಖಾಲಿಯಾದದ್ದಕ್ಕೇ ಎಲ್ಲರೂ ತಮಗೆ ಬೇಕಾದ ಅರ್ಥ ತುಂಬಿಕೊಂಡರು.

ಹುಟ್ಟಿದ ಊರಿನಿಂದ ಶುರು ಮಾಡೋಣ. ಸುಮಾರು 3000 ವರ್ಷಗಳ ಹಿಂದೆ, ಈಗಿನ ಲೆಬನಾನ್ ಇರುವ ಕರಾವಳಿಯಲ್ಲಿ ಫಿನೀಷಿಯನ್ನರು ಅನ್ನುವ ಜನ ಇದ್ದರು. ಹಡಗಿನ ವ್ಯಾಪಾರಿಗಳು. ಅವರ ಲಿಪಿಯಲ್ಲಿ 22 ಅಕ್ಷರ. ಪ್ರತಿ ಅಕ್ಷರಕ್ಕೂ ಒಂದು ಹೆಸರು, ಮತ್ತು ಬಹಳಷ್ಟು ಹೆಸರುಗಳು ದಿನಬಳಕೆಯ ವಸ್ತುಗಳವು. ಆಲೆಫ್ ಅಂದರೆ ಎತ್ತು. ಬೇತ್ ಅಂದರೆ ಮನೆ. ದಾಲೆತ್ ಅಂದರೆ ಬಾಗಿಲು. ಎತ್ತು, ಮನೆ, ಬಾಗಿಲು. ರೈತರ ಮನೆಯ ಮುಂದೆ ನಿಂತು ಯಾರೋ ಹೆಸರಿಟ್ಟ ಹಾಗಿದೆ ಅಲ್ವಾ? ಹೆಸರಿನ ಮೊದಲ ಸದ್ದೇ ಅಕ್ಷರದ ಸದ್ದು. ಮಗುವಿಗೆ ಕಲಿಸಲು ಸುಲಭ.

ಕನ್ನಡದಲ್ಲಿ ಅಕ್ಷರಕ್ಕೆ ಬೇರೆ ಹೆಸರಿಲ್ಲ. ದ ಅಂದರೆ ದ, ಅಷ್ಟೇ. ಹೆಸರಿರುವುದು ಗುರುತುಗಳಿಗೆ: ತಲೆಕಟ್ಟು, ಗುಡಿಸು, ಕೊಂಬು, ಒತ್ತು. ಅವೂ ನೋಡಲು ಹೇಗಿವೆಯೋ ಹಾಗೆ ಇಟ್ಟ ಹೆಸರುಗಳು. ಕೊಂಬು ಅಂದಾಗ ನಮಗೆ ಇವತ್ತಿಗೂ ಕೊಂಬು ಕಾಣುತ್ತೆ. ಹೀಬ್ರೂ ಕಲಿಯುವ ಮಗುವಿಗೂ ಹಾಗೇ. ಆ ಭಾಷೆಯಲ್ಲಿ ಅಕ್ಷರ ದಾಲೆತ್, ಮನೆಯ ಬಾಗಿಲು ದೆಲೆತ್. ಇಂದಿಗೂ ಎರಡೂ ಒಟ್ಟಿಗೇ ಕೇಳಿಸುತ್ತವೆ.

ಗ್ರೀಕರಿಗೆ ಹಾಗಲ್ಲ. ಕ್ರಿಸ್ತಪೂರ್ವ 8ನೇ ಶತಮಾನದ ಹೊತ್ತಿಗೆ ಅವರು ಈ ಲಿಪಿಯನ್ನು ಬಳಸತೊಡಗಿದ್ದರು. ಅಕ್ಷರಗಳ ಜತೆ ಹೆಸರುಗಳನ್ನೂ ತಂದುಕೊಂಡರು. ಒಂದು ತೊಂದರೆ ಇತ್ತು. ಗ್ರೀಕ್ ನಾಲಿಗೆಗೆ ಎಲ್ಲ ವ್ಯಂಜನದಲ್ಲೂ ಪದ ನಿಲ್ಲಿಸಿ ರೂಢಿ ಇಲ್ಲ. ನ, ರ, ಸ ಇವುಗಳಲ್ಲಿ ನಿಲ್ಲಬಹುದು. ತಕಾರದಲ್ಲಿ, ಫಕಾರದಲ್ಲಿ ಆಗುವುದಿಲ್ಲ. ಅದಕ್ಕೆ ಕೊನೆಗೊಂದು ಆಕಾರ, ಅಂದರೆ 'ಆ' ಅನ್ನುವ ಸದ್ದು, ಹಚ್ಚಿದರು. ಆಲೆಫ್ ಆಲ್ಫಾ ಆಯಿತು. ಬೇತ್ ಬೀಟಾ ಆಯಿತು. ದಾಲೆತ್ ಡೆಲ್ಟಾ ಆಯಿತು. ಇದರಲ್ಲಿ ಆಶ್ಚರ್ಯ ಏನಿಲ್ಲ. ನಾವು ದಿನಾ ಮಾಡುವುದು ಇದನ್ನೇ. ಬಸ್ಸು, ಕಾರು, ಪೆನ್ನು, ಬ್ಯಾಂಕು. ಅವರು ಆಕಾರ ಹಚ್ಚಿದರು, ನಾವು ಉಕಾರ ಹಚ್ಚುತ್ತೇವೆ.

ಆದರೆ ಅರ್ಥ ಹಡಗಿನಲ್ಲೇ ಉಳಿಯಿತು. ಗ್ರೀಕಿನಲ್ಲಿ ಬಾಗಿಲಿಗೆ ಥುರಾ ಅನ್ನುತ್ತಾರೆ. ಇದು ಸಂಸ್ಕೃತದ ದ್ವಾರಕ್ಕೆ, ಇಂಗ್ಲಿಷಿನ ಡೋರ್‌ಗೆ ಒಡಹುಟ್ಟಿದ ಪದ. ಬಾಗಿಲಿಗೆ ತಮ್ಮದೇ ಪದ ಇಟ್ಟುಕೊಂಡ ಗ್ರೀಕರಿಗೆ ಡೆಲ್ಟಾ ಅಂದರೂ ಬಾಗಿಲೇ ಅಂತ ಹೊಳೆಯುವ ದಾರಿ ಇರಲಿಲ್ಲ. ಅವರಿಗೆ ಅದು ಅಕ್ಷರದ ಹೆಸರು ಮಾತ್ರ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ದಾಲೆತ್ ಮತ್ತು ದ್ವಾರ ಎರಡೂ ದಕಾರದಿಂದ ಶುರುವಾಗುತ್ತವೆ, ಎರಡಕ್ಕೂ ಬಾಗಿಲು ಅಂತಲೇ ಅರ್ಥ. ಹಾಗಾದರೆ ಎರಡೂ ಒಂದೇ ಅನ್ನಬೇಡಿ. ದಾಲೆತ್ ಹೀಬ್ರೂ, ಅರಬ್ಬಿ ಭಾಷೆಗಳಿರುವ ಸೆಮಿಟಿಕ್ ಕುಟುಂಬದ ಪದ. ದ್ವಾರ ಬೇರೆ ಕುಟುಂಬದ್ದು. ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ.

ನಮ್ಮ ಊರಿನ ಹೆಸರಿನಲ್ಲೇ ಇಂಥ ಬಲೆ ಇದೆ. ಬಾಗಲಕೋಟೆ. ನಮ್ಮ ಕಡೆ ಬಾಗಿಲಿಗೆ ಬಾಗಲಾ ಅನ್ನುತ್ತೇವೆ. ಬಾಗಿಲು ಇರುವ ಕೋಟೆ ಬಾಗಲಕೋಟೆ! ಡೆಲ್ಟಾ ಅಂದರೂ ಬಾಗಿಲು! ಭಾಷಣಕ್ಕೆ ಇದಕ್ಕಿಂತ ಒಳ್ಳೆ ಹೊಂದಾಣಿಕೆ ಬೇಕಾ? ಆದರೆ ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ಬಾಗಡಗೆ. ಅಲ್ಲಿ ಕೋಟೆಯೂ ಇಲ್ಲ, ಬಾಗಿಲೂ ಇಲ್ಲ. ವಿಜಯಪುರದ ಸುಲ್ತಾನ ಮಗಳಿಗೆ ಬಳೆಯ ಖರ್ಚಿಗೆಂದು ಈ ಊರು ಕೊಟ್ಟ, ಹಾಗಾಗಿ ಬಂಗಡಿಕೋಟೆ, ಅದೇ ಬಾಗಲಕೋಟೆ ಆಯಿತು ಅನ್ನುವ ಕಥೆಯೂ ಇದೆ. ರಾವಣ ತನ್ನ ವಾದ್ಯದವರಿಗೆ ಈ ಊರು ಕೊಟ್ಟ ಅನ್ನುವ ಕಥೆ ಇನ್ನೊಂದು. ಕಥೆ ಕೇಳಲು ಚೆನ್ನಾಗಿವೆ. ನಾನು ಶಾಸನದ ಕಡೆ.

ದಾಲೆತ್‌ನ ಇನ್ನೊಂದು ಕವಲು ನಮ್ಮ ಹತ್ತಿರವೇ ಬಂದು ಕೂತಿದೆ. ಅರಬ್ಬಿ ಮತ್ತು ಉರ್ದು ಲಿಪಿಯ ದಾಲ್. ಊಟದ ದಾಲ್ ಬೇರೆ, ಅದು ತೊಗರಿಬೇಳೆ. ಈ ದಾಲ್ ಡೆಲ್ಟಾದ ದಾಯಾದಿ. ಎರಡೂ ಅದೇ ಹಳೆಯ ದಾಲೆತ್‌ನಿಂದ ಬಂದವು. ಆದಿಲಶಾಹಿ ಅನ್ನುವ ಹೆಸರನ್ನು ಆ ಲಿಪಿಯಲ್ಲಿ ಬರೆದರೆ ಆದಿಲ್‌ನಲ್ಲಿ ಒಂದು ದಾಲ್ ಇದೆ.

ನೀವೆಲ್ಲ ಗೋಳಗುಮ್ಮಟ ನೋಡಿದವರು. ಮೇಲೆ ಹತ್ತಿ ಕೂಗಿ ಬಂದವರು. ಮುಂದಿನ ಸಲ ಹೋದಾಗ ಕೂಗುವ ಮೊದಲು ದಕ್ಷಿಣದ ಬಾಗಿಲ ಮೇಲಿನ ಬರಹ ನೋಡಿ. ಅಲ್ಲಿ ಪಾರಸಿಯಲ್ಲಿ ಮೂರು ವಾಕ್ಯಗಳಿವೆ. ಮೂರೂ ಒಗಟು. ಆ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿ ಇದೆ. ವಾಕ್ಯದ ಎಲ್ಲ ಅಕ್ಷರಗಳ ಅಂಕಿ ಕೂಡಿಸಿದರೆ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ಹಿಜರಿ ವರ್ಷ ಬರಬೇಕು.

ಒಂದನ್ನು ಕೂಡಿಸೋಣ. "ಆಕಿಬತ್ ಮುಹಮ್ಮದ್ ಮಹಮೂದ್ ಶುದ್." ಮುಹಮ್ಮದನ ಅಂತ್ಯ ಹೊಗಳುವಂತಾಯಿತು ಎಂದು ಅರ್ಥ. ಮುಹಮ್ಮದ್ ಅನ್ನುವುದರಲ್ಲಿ ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4. ಒಟ್ಟು 92. ಮಹಮೂದ್‌ನಲ್ಲಿ ಜತೆಗೊಂದು ವಾವ್ ಇದೆ, ಅದಕ್ಕೆ 6, ಅಲ್ಲಿಗೆ 98. ಶುದ್‌ನಲ್ಲಿ ಶೀನ್ 300, ದಾಲ್ 4, ಅಂದರೆ 304. ಆಕಿಬತ್‌ಗೆ 573. ಎಲ್ಲ ಕೂಡಿಸಿ. 1067. ಹಿಜರಿ 1067, ನಮ್ಮ ಲೆಕ್ಕದಲ್ಲಿ 1656. ಸುಲ್ತಾನ ತೀರಿಕೊಂಡ ವರ್ಷ ಅದೇ.

ಈ ಲೆಕ್ಕದಲ್ಲಿ ದಾಲ್‌ಗೆ 4 ಯಾಕೆ? ಹಳೆಯ ಸಾಲಿನಲ್ಲಿ ದಾಲೆತ್ ನಾಲ್ಕನೆಯದಾಗಿತ್ತು, ಅದಕ್ಕೆ. ಈಗ ಅರಬ್ಬಿ ಮಕ್ಕಳು ಕಲಿಯುವ ಕ್ರಮದಲ್ಲಿ ದಾಲ್ ಎಂಟನೆಯದು. ಆದರೂ ಅಂಕಿ ಬದಲಾಗಲಿಲ್ಲ. ಗ್ರೀಕರ ಲೆಕ್ಕದಲ್ಲೂ ಡೆಲ್ಟಾ ಅಂದರೆ 4. ಹೀಬ್ರೂವಿನಲ್ಲೂ 4. ಅರ್ಥ ಎಲ್ಲೋ ಬಿದ್ದುಹೋದರೂ ಸರದಿ ಸಂಖ್ಯೆ ಉಳಿದುಕೊಂಡಿತು. ಅದರ ಜತೆ ದಕಾರದ ಸದ್ದು ಉಳಿಯಿತು. ಗ್ರೀಕರ ಕೈಯಲ್ಲಿ ಮೂರು ಮೂಲೆಯ ಆಕಾರವೂ ಉಳಿಯಿತು. ಮುಂದೆ ಜಗತ್ತಿನಲ್ಲಿ ಡೆಲ್ಟಾ ಅಂತ ಹೆಸರು ಬಿದ್ದವುಗಳಲ್ಲಿ ಬಹುಪಾಲು ಈ ಮೂರರಲ್ಲಿ ಯಾವುದಾದರೂ ಒಂದನ್ನು ಹಿಡಿದುಕೊಂಡೇ ಬಂದಿವೆ. ಆಕಾರ, ಇಲ್ಲವೇ ಸದ್ದು, ಇಲ್ಲವೇ ಸರದಿ.

ಆಕಾರದ್ದೇ ದೊಡ್ಡ ಪಾಲು. ಅದರಲ್ಲೂ ಮೊದಲನೆಯದು ನೈಲ್ ನದಿ.

ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಈಜಿಪ್ಟಿನ ಬಗ್ಗೆ ಬರೆದ. ನೈಲ್ ಒಡೆದು ಸಮುದ್ರ ಸೇರುವ ಜಾಗವನ್ನು ಗ್ರೀಕರು ಆಗಲೇ ಡೆಲ್ಟಾ ಅನ್ನುತ್ತಿದ್ದರು ಅನ್ನುವುದು ಅವನ ಬರಹದಿಂದ ಗೊತ್ತಾಗುತ್ತೆ. ಈಗಿನ ನಕಾಶೆ ತೆಗೆದು ನೋಡಿ. ಉತ್ತರ ದಿಕ್ಕು ಮೇಲಿದೆ. ನೈಲ್ ಕೆಳಗಿನಿಂದ ಮೇಲಕ್ಕೆ ಹರಿಯುತ್ತೆ. ತ್ರಿಕೋನದ ಚೂಪು ಕೆಳಗೆ, ಅಗಲ ಮೇಲೆ. ಡೆಲ್ಟಾ ತಲೆಕೆಳಗಾಗಿದೆ! ಆದರೆ ಗ್ರೀಕರು ಬಂದದ್ದು ಹಡಗಿನಲ್ಲಿ, ಸಮುದ್ರದ ಕಡೆಯಿಂದ. ಹಾಗೆ ಬಂದವರಿಗೆ ಅಗಲದ ಬದಿ ಹತ್ತಿರ, ಚೂಪು ದೂರ. ಅವರ ದಿಕ್ಕಿನಿಂದ ನೋಡಿದರೆ ಅಕ್ಷರ ಸರಿಯಾಗೇ ನಿಂತಿದೆ.

ಮೊದಲಿಗೆ ಇದು ನೈಲ್‌ದೊಂದೇ ಹೆಸರಾಗಿತ್ತು. ಆಮೇಲೆ ಬೇರೆ ಹೊಳೆಗಳಿಗೂ ಹೋಯಿತು. ಹಾಗೆ ಹೋದ ಮೊದಲ ಸಾಲಿನಲ್ಲಿ ನಮ್ಮ ಸಿಂಧೂ ಇದೆ ಅನ್ನುವುದು ಹಲವರಿಗೆ ಗೊತ್ತಿಲ್ಲ. ಅಲೆಕ್ಸಾಂಡರ್ ಕ್ರಿಸ್ತಪೂರ್ವ 325ರಲ್ಲಿ ಸಿಂಧೂ ನದಿಯಲ್ಲಿ ಇಳಿದು ಸಮುದ್ರದವರೆಗೆ ಹೋದ. ಆ ಯಾತ್ರೆಯ ಬಗ್ಗೆ ಬರೆದ ಗ್ರೀಕರು ಸಿಂಧೂವಿನ ಬಾಯಿಯಲ್ಲೂ ಈಜಿಪ್ಟಿನ ತರಹದ ಡೆಲ್ಟಾ ಇದೆ, ಅದಕ್ಕೆ ಅಲ್ಲಿಯವರು ಪಟ್ಟಲ ಅನ್ನುತ್ತಾರೆ ಎಂದು ದಾಖಲಿಸಿದರು.

ಬೇರೆ ಬೇರೆ ಭಾಷೆಯವರು ಈ ಜಾಗಕ್ಕೆ ಏನು ಅನ್ನುತ್ತಾರೆ ನೋಡಿ. ಇದು ನನಗೆ ತುಂಬಾ ಇಷ್ಟದ ಭಾಗ. ಮರಾಠಿಯವರು ತ್ರಿಭುಜ ಪ್ರದೇಶ ಅನ್ನುತ್ತಾರೆ. ಬೆಳಗಾವಿ ಕಡೆಯ ಮರಾಠಿ ಶಾಲೆಯಲ್ಲಿ ಓದಿದವರಿಗೆ ಇದು ಗೊತ್ತಿರುತ್ತೆ. ಚೀನೀಯರ ಪದದ ಅರ್ಥವೂ ಹೆಚ್ಚುಕಡಿಮೆ ಅದೇ, ಮೂರು ಮೂಲೆಯ ದಿಬ್ಬ. ಇಬ್ಬರೂ ಅಕ್ಷರ ಬಿಟ್ಟು ಆಕಾರ ಉಳಿಸಿಕೊಂಡರು. ತಮಿಳರಿಗೆ ಕಳಿಮುಗಂ ಅನ್ನುವ ಪದ ಇದೆ. ಆದರೂ ತಂಜಾವೂರು, ತಿರುವಾರೂರು ಕಡೆಗೆ ಡೆಲ್ಟಾ ಜಿಲ್ಲೆಗಳು ಅಂತಲೇ ಮಾತಾಡುತ್ತಾರೆ. ಅರಬ್ಬಿಯವರದ್ದು ತಮಾಷೆ. ಅವರ ಬಳಿ ಸ್ವಂತ ದಾಲ್ ಇದೆ. ಆದರೂ ನೈಲ್‌ನ ಆ ಭೂಮಿಗೆ ಗ್ರೀಕರಿಂದ ಪದ ತಂದು ದಿಲ್ತಾ ಅನ್ನುತ್ತಾರೆ. ಮನೆಯಿಂದ ಹೋದ ಮಗ ಬೇರೆ ವೇಷದಲ್ಲಿ ತಿರುಗಿ ಬಂದಿದ್ದಾನೆ, ಯಾರೂ ಗುರುತು ಹಿಡಿಯಲಿಲ್ಲ.

ಎಲ್ಲರಿಗಿಂತ ಜಾಣರು ಬಂಗಾಳಿಗಳು. ಅವರು ಬ-ದ್ವೀಪ ಅನ್ನುತ್ತಾರೆ. ಬ ಅಂದರೆ ಬಕಾರ. ಬಂಗಾಳಿ ಲಿಪಿಯ ಬ ಒಂದು ತ್ರಿಕೋನ. ಮೇಲೆ ಒಂದು ಗೆರೆ, ಬಲಕ್ಕೆ ಒಂದು ನೇರ ಗೆರೆ, ಎಡಕ್ಕೆ ಚೂಪು. ಗ್ರೀಕರು ತಮ್ಮ ಅಕ್ಷರದ ಹೆಸರಿಟ್ಟರೆ ನಾವು ನಮ್ಮ ಅಕ್ಷರದ ಹೆಸರಿಡುತ್ತೇವೆ ಅಂದರು. ಪದವನ್ನು ಬಿಟ್ಟು ಯೋಚನೆಯನ್ನು ಮಾತ್ರ ತಂದುಕೊಂಡದ್ದು. ಜಗತ್ತಿನ ಅತಿ ದೊಡ್ಡ ಡೆಲ್ಟಾದ ಮೇಲೆ ಕೂತವರಿಗೆ ಆ ಹಕ್ಕು ಇದ್ದೇ ಇದೆ.

ನಾವೂ ಹಾಗೆ ಮಾಡಬಹುದಿತ್ತಾ? ಕಷ್ಟ. ಕನ್ನಡದಲ್ಲಿ ತ್ರಿಕೋನದ ಅಕ್ಷರ ಒಂದೂ ಇಲ್ಲ, ಎಲ್ಲವೂ ದುಂಡು. ಹತ್ತಿರ ಬರುವುದು ಗ. ಮೇಲೆ ಕೂಡಿ ಕೆಳಗೆ ಕಾಲು ಬಿಟ್ಟಿದೆ. ಗ-ದ್ವೀಪ ಅಂದರೆ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಮಾತು, ಪೂರ್ವಕ್ಕೆ ಹರಿಯುವ ನಮ್ಮ ಹೊಳೆಗಳು ಸಮುದ್ರ ಸೇರುವುದು ಬೇರೆ ರಾಜ್ಯದಲ್ಲಿ. ಪಶ್ಚಿಮಕ್ಕೆ ಹರಿಯುವವು ಘಟ್ಟ ಇಳಿದು ನೇರ ಕಡಲು ಸೇರುತ್ತವೆ. ಕರಾವಳಿಯವರಿಗೆ ಅಳಿವೆ ಅನ್ನುವ ಪದ ಇದೆ. ಮುಖಜ ಭೂಮಿ ಪಠ್ಯಪುಸ್ತಕದ ಪದ. ಕಣ್ಣೆದುರಿಗೆ ಇಲ್ಲದ್ದಕ್ಕೆ ಮನೆಮಾತಿನಲ್ಲಿ ಹೆಸರು ಎಲ್ಲಿಂದ ಬರಬೇಕು?

ಆದರೆ ಕಣ್ಣೆದುರಿಗೆ ಇಲ್ಲ ಅಂದ ಮಾತ್ರಕ್ಕೆ ಅದು ನಮ್ಮದಲ್ಲ ಅನ್ನುವ ಹಾಗಿಲ್ಲ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನು ಮುಟ್ಟಿಕೊಂಡು ಹೋಗುತ್ತಾಳೆ. ನಮ್ಮ ಊರ ಪಕ್ಕದ ಘಟಪ್ರಭೆ ಚಿಕ್ಕಸಂಗಮದಲ್ಲಿ ಸೇರುತ್ತಾಳೆ. ಮಲಪ್ರಭೆ ಕೂಡಲಸಂಗಮದಲ್ಲಿ ಸೇರುತ್ತಾಳೆ. ಒಟ್ಟು ಸುಮಾರು 1400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ. ವಿಜಯವಾಡದ ಹತ್ತಿರ ಡೆಲ್ಟಾ ಶುರು. ಅಲ್ಲಿ 1855ರ ಹೊತ್ತಿಗೆ ಬ್ರಿಟಿಷರು ಆಣೆಕಟ್ಟು ಕಟ್ಟಿ ಎರಡೂ ದಂಡೆಗೆ ಕಾಲುವೆ ಬಿಟ್ಟರು. ಈಗ ಅದರ ಜಾಗದಲ್ಲಿ ಪ್ರಕಾಶಂ ಬ್ಯಾರೇಜ್ ಇದೆ. ಇನ್ನೂ ಕೆಳಗೆ ಪುಲಿಗಡ್ಡದ ಹತ್ತಿರ ಹೊಳೆ ಎರಡಾಗಿ ಒಡೆದು ನಡುವೆ ದಿವಿಸೀಮೆ ಅನ್ನುವ ನಡುಗಡ್ಡೆ ಮಾಡುತ್ತೆ. ನಕಾಶೆಯಲ್ಲಿ ನೋಡಿದರೆ ಚೂಪು ಮೇಲೆ, ಅಗಲ ಕೆಳಗೆ, ಸ್ವಲ್ಪ ಓರೆ. ನೈಲ್‌ನ ಡೆಲ್ಟಾಕ್ಕಿಂತ ನಮ್ಮ ಕೃಷ್ಣೆಯದೇ ಅಕ್ಷರಕ್ಕೆ ಹತ್ತಿರ!

ಡೆಲ್ಟಾ ಹುಟ್ಟುವುದು ಹೂಳಿನಿಂದ. ಹೊಳೆ ಓಡುವಾಗ ಮಣ್ಣು ಹೊತ್ತುಕೊಂಡಿರುತ್ತೆ. ಸಮುದ್ರದ ಹತ್ತಿರ ಇಳಿಜಾರು ತೀರಿ, ಓಟ ನಿಧಾನವಾಗಿ, ಮಣ್ಣು ಕೆಳಗೆ ಕೂರುತ್ತೆ. ಕೂತ ಮಣ್ಣು ದಾರಿಗೆ ಅಡ್ಡ ಬಂದಾಗ ಹೊಳೆ ಪಕ್ಕಕ್ಕೆ ಹೊರಳುತ್ತೆ. ಮತ್ತೆ ಅಲ್ಲಿ ಕೂರಿಸುತ್ತೆ, ಮತ್ತೆ ಹೊರಳುತ್ತೆ. ಹೀಗೆ ಬೀಸಣಿಗೆಯಂತೆ ಹರಡುತ್ತಾ ಹೋಗುತ್ತೆ. ಆ ಮಣ್ಣು ಎಲ್ಲಿಯದು? ಮೇಲಿನವರದು. ನಮ್ಮ ಎರೆ ಹೊಲದ ಮಣ್ಣು ಮಳೆಗೆ ಕೊಚ್ಚಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಆಂಧ್ರಕ್ಕೆ. ಸಾವಿರಾರು ವರ್ಷ ಹೀಗೆ ನಡೆದಿದೆ. ಅಲ್ಲಿಯ ಭತ್ತದ ಗದ್ದೆಯಲ್ಲಿ ನಮ್ಮ ಪಾಲೂ ಇದೆ.

ಈಗ ಆ ಮಣ್ಣು ಮೊದಲಿನಷ್ಟು ಕೆಳಗೆ ಹೋಗುತ್ತಿಲ್ಲ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ಒಂದರ ಹಿಂದೊಂದು ಆಣೆಕಟ್ಟು. ನೀರು ನಿಂತಲ್ಲೇ ಹೂಳೂ ನಿಲ್ಲುತ್ತೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದರ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು, ಅದಕ್ಕೇ ನಾವು ನವನಗರದಲ್ಲಿ ಕೂತು ಮಾತಾಡುತ್ತಿದ್ದೇವೆ. ನಿಮಗೆ ಇದನ್ನು ನಾನು ವಿವರಿಸಬೇಕಿಲ್ಲ. ಆದರೆ ಇದೇ ಹೊಳೆಯ ಇನ್ನೊಂದು ತುದಿಯಲ್ಲೂ ಭೂಮಿಯ ಚಿಂತೆ ಇದೆ. ಹೊಸ ಹೂಳು ಬರದಿದ್ದರೆ ಡೆಲ್ಟಾ ಬೆಳೆಯುವುದಿಲ್ಲ. ಅಲೆ ದಂಡೆಯನ್ನು ಕೊರೆಯುತ್ತೆ, ಉಪ್ಪುನೀರು ಒಳಗೆ ಬರುತ್ತೆ. ಮೇಲೆ ಮುಳುಗಿ ಹೋದದ್ದರ ಲೆಕ್ಕ ನಾವು ಹೇಳುತ್ತೇವೆ. ಕೆಳಗೆ ಕೊರೆದುಹೋಗುವುದನ್ನು ನಾವು ಜಾಸ್ತಿ ಕೇಳಿಲ್ಲ.

ಇನ್ನು ಮೋಟರಿಗೆ ಬರೋಣ. ಸ್ಟಾರ್ಟರ್ ಅಂದ ಹಿರಿಯರು ಕಾಯುತ್ತಿದ್ದಾರೆ.

ತ್ರೀ ಫೇಜ್ ಮೋಟರಿನ ಒಳಗೆ ಮೂರು ವೈಂಡಿಂಗ್, ಅಂದರೆ ತಂತಿಯ ಸುತ್ತುಗಳು, ಇರುತ್ತವೆ. ಅವುಗಳ ಒಟ್ಟು ಆರು ತುದಿ ಹೊರಗೆ ಬಂದಿರುತ್ತವೆ. ಇವನ್ನು ಎರಡು ತರಹ ಜೋಡಿಸಬಹುದು. ಮೂರರದ್ದೂ ಒಂದೊಂದು ತುದಿಯನ್ನು ನಡುವೆ ಒಂದೇ ಕಡೆ ಕೂಡಿಸಿದರೆ ಮೂರು ಕಾಲಿನ ಚುಕ್ಕಿ ಆಗುತ್ತೆ. ಅದು ಸ್ಟಾರ್. ಒಂದರ ಬಾಲ ಇನ್ನೊಂದರ ತಲೆಗೆ, ಅದರ ಬಾಲ ಮೂರನೆಯದರ ತಲೆಗೆ, ಮೂರನೆಯದರ ಬಾಲ ಮೊದಲನೆಯದರ ತಲೆಗೆ ಜೋಡಿಸಿದರೆ ತ್ರಿಕೋನ. ಅದು ಡೆಲ್ಟಾ. ಅಕ್ಷರದ ಆಕಾರವೇ ಹೆಸರಾಯಿತು.

ಎರಡು ಯಾಕೆ ಬೇಕು? ನಿಂತ ಮೋಟರನ್ನು ಒಮ್ಮೆಲೇ ಡೆಲ್ಟಾದಲ್ಲಿ ಹಚ್ಚಿದರೆ ವಿಪರೀತ ಕರೆಂಟ್ ಎಳೆಯುತ್ತೆ. ಪಕ್ಕದ ಹೊಲದವರ ಮೋಟರೂ ಕುಯ್ ಅನ್ನುತ್ತೆ. ಅದಕ್ಕೆ ಮೊದಲು ಸ್ಟಾರ್‌ನಲ್ಲಿ ಹಚ್ಚುತ್ತಾರೆ. ಲೈನಿನಲ್ಲಿ 415 ವೋಲ್ಟ್ ಇದ್ದರೆ ಸ್ಟಾರ್‌ನಲ್ಲಿ ಒಂದೊಂದು ವೈಂಡಿಂಗಿಗೆ ಸುಮಾರು 240 ಮಾತ್ರ ಸಿಗುತ್ತೆ. ಲೈನಿನಿಂದ ಎಳೆಯುವ ಕರೆಂಟ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ತಿರುಗಿಸುವ ಬಲವೂ ಮೂರರಲ್ಲಿ ಒಂದು ಪಾಲು ಆಗುತ್ತೆ. ನೀರೆತ್ತುವ ಪಂಪಿಗೆ ಶುರುವಿನಲ್ಲಿ ಜಾಸ್ತಿ ಬಲ ಬೇಡ, ವೇಗ ಏರಿದಂತೆ ಭಾರ ಏರುತ್ತೆ. ಹಾಗಾಗಿ ನಡೆಯುತ್ತೆ. ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಿಸುತ್ತಾರೆ. ಟಕ್ ಅಂತ ಎರಡನೇ ಸದ್ದು ಬರುತ್ತಲ್ಲ, ಅದೇ.

ಇಲ್ಲಿ ಒಬ್ಬರು ಕೇಳಿದರು: "ಸ್ಟಾರ್‌ನ್ಯಾಗ ಉಳದ್ರ ಮೋಟರ್ ಸುಡತೈತೇನ್ರೀ?" ಹೌದು, ಪೂರ್ತಿ ಭಾರ ಇದ್ದರೆ ಸುಡುತ್ತೆ. ಬಲ ಸಾಲದೆ ಮೋಟರ್ ತೇಕುತ್ತೆ, ವೈಂಡಿಂಗ್ ಕಾಯುತ್ತೆ. ಸ್ಟಾರ್ಟರ್ ಒಳಗಿನ ಟೈಮರ್ ಕೆಟ್ಟಿದೆಯಾ ಅಂತ ಮೊದಲು ನೋಡಿಸಿ. ಅಂದ ಹಾಗೆ ಅಮೆರಿಕದಲ್ಲಿ ಇದಕ್ಕೆ ಸ್ಟಾರ್ ಡೆಲ್ಟಾ ಅನ್ನುವುದಿಲ್ಲ, ವೈ ಡೆಲ್ಟಾ ಅನ್ನುತ್ತಾರೆ. ಮೂರು ಕಾಲಿನ ಚುಕ್ಕಿ ಅವರಿಗೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಂಡಿತು.

ಆಕಾರದಿಂದ ಬಂದವು ಇನ್ನೂ ಇವೆ. ಭುಜದ ದುಂಡನೆಯ ಮಾಂಸಖಂಡಕ್ಕೆ ಡೆಲ್ಟಾಯ್ಡ್ ಅನ್ನುತ್ತಾರೆ, ತೋಳಿಗೆ ಇಂಜೆಕ್ಷನ್ ಚುಚ್ಚುವುದು ಅಲ್ಲೇ. ತ್ರಿಕೋನದ ರೆಕ್ಕೆಯ ಯುದ್ಧವಿಮಾನಕ್ಕೆ ಡೆಲ್ಟಾ ರೆಕ್ಕೆ, ನಮ್ಮ ತೇಜಸ್ ಅದೇ ಬಗೆಯದು. ಅಮೆರಿಕದ ಡೆಲ್ಟಾ ವಿಮಾನ ಕಂಪನಿಯ ಕಥೆ ಸ್ವಲ್ಪ ಬೇರೆ. ಅದು ಹುಟ್ಟಿದ್ದು ಹತ್ತಿ ಹೊಲಕ್ಕೆ ವಿಮಾನದಿಂದ ಔಷಧ ಹೊಡೆಯುವ ಕಂಪನಿಯಾಗಿ. ಮಿಸ್ಸಿಸ್ಸಿಪ್ಪಿ ಡೆಲ್ಟಾ ಅನ್ನುವ ಸೀಮೆಯಿಂದ ಹೆಸರು ತಗೊಂಡಿತು. ಆ ಸೀಮೆ ನಿಜವಾಗಿ ನದಿ ಸಮುದ್ರ ಸೇರುವ ಡೆಲ್ಟಾ ಅಲ್ಲವೇ ಅಲ್ಲ. ಇನ್ನೂ ಎಷ್ಟೋ ಮೇಲಿರುವ, ನೆರೆ ಬಂದು ಹೋಗುವ ಬಯಲು.

ಸದ್ದಿನಿಂದ ಬಂದವುಗಳಲ್ಲಿ ಹೆಸರಾದದ್ದು ಗಣಿತದ್ದು. ವ್ಯತ್ಯಾಸಕ್ಕೆ ಯುರೋಪಿನ ಭಾಷೆಗಳಲ್ಲಿ ಡಕಾರದಿಂದ ಶುರುವಾಗುವ ಪದ ಇದೆ, ಡಿಫರೆನ್ಸ್. ಡಕಾರಕ್ಕೆ ಗ್ರೀಕಿನಲ್ಲಿ ಡೆಲ್ಟಾ. ಗಣಿತಜ್ಞ ಆಯ್ಲರ್ 1755ರ ತನ್ನ ಗ್ರಂಥದಲ್ಲಿ ವ್ಯತ್ಯಾಸಕ್ಕೆ ಡೆಲ್ಟಾ, ಮೊತ್ತಕ್ಕೆ ಸಿಗ್ಮಾ ಅಂತ ಗುರುತು ಬಳಸಿದ. ಪಿಯುಸಿ ಮಕ್ಕಳು ಇವತ್ತಿಗೂ ಅದನ್ನೇ ಬರೆಯುತ್ತಾರೆ. ಷೇರು ಪೇಟೆಯ ಹುಡುಗರು ಆಪ್ಷನ್ ಡೆಲ್ಟಾ ಅನ್ನುವುದೂ ಈ ಬದಲಾವಣೆಯ ಲೆಕ್ಕದಿಂದಲೇ ಬಂದದ್ದು.

ನಮ್ಮ ಜಿಲ್ಲೆಗೆ ಹೆಚ್ಚು ಬೇಕಾದ ಇನ್ನೊಂದು ಡೆಲ್ಟಾ ಇದೆ. ಅದನ್ನು ನೀರಾವರಿ ಎಂಜಿನಿಯರುಗಳು ಮಾತ್ರ ಆಡುತ್ತಾರೆ. ಒಂದು ಬೆಳೆ ಬಿತ್ತಿದಾಗಿನಿಂದ ಕೊಯ್ಲಿನವರೆಗೆ ಕೊಟ್ಟ ನೀರನ್ನೆಲ್ಲ ಒಮ್ಮೆಲೇ ಹೊಲದಲ್ಲಿ ನಿಲ್ಲಿಸಿದರೆ ಎಷ್ಟು ಆಳ ಬರುತ್ತೆ? ಆ ಆಳಕ್ಕೆ ಡೆಲ್ಟಾ ಅನ್ನುತ್ತಾರೆ. ಹೊಳೆಯ ಡೆಲ್ಟಾಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಪಠ್ಯಪುಸ್ತಕಗಳು ಭತ್ತಕ್ಕೆ ಸುಮಾರು 120 ಸೆಂಟಿಮೀಟರ್, ಹತ್ತಿಗೆ ಸುಮಾರು 50, ಗೋಧಿಗೆ ಸುಮಾರು 40 ಅನ್ನುತ್ತವೆ. ಇದರ ಜೋಡಿ ಪದ ಡ್ಯೂಟಿ. ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಘನಮೀಟರ್ ನೀರು ಬಿಡದೆ ಹರಿದರೆ ಎಷ್ಟು ಹೆಕ್ಟೇರ್ ಬೆಳೆಗೆ ಸಾಕಾಗುತ್ತೆ ಅನ್ನುವ ಲೆಕ್ಕ ಅದು. 120 ದಿನದ ಭತ್ತಕ್ಕೆ 120 ಸೆಂಟಿಮೀಟರ್ ಡೆಲ್ಟಾ ಹಿಡಿದರೆ ಡ್ಯೂಟಿ 864 ಹೆಕ್ಟೇರ್. ಡೆಲ್ಟಾ ಏರಿದರೆ ಡ್ಯೂಟಿ ಇಳಿಯುತ್ತೆ. ಮೇಲಿನ ಹೊಲದವರು ಕಬ್ಬಿಗೆ ಹಾಯಿನೀರು ಬಿಟ್ಟುಕೊಂಡು ಕೂತರೆ ಕಾಲುವೆಯ ಕೊನೆಯವರಿಗೆ ನೀರು ಮುಟ್ಟುವುದಿಲ್ಲ. ಮೇಲಿನವರ ಹೊಲಕ್ಕೂ ಒಳ್ಳೆಯದಾಗುವುದಿಲ್ಲ. ಉಪ್ಪೇರಿ, ನೀರು ನಿಂತು ಸವುಳು ಜವುಳು ಹತ್ತಿದ ಭೂಮಿ ನಮ್ಮಲ್ಲಿ ಎಷ್ಟಿದೆ ನೋಡಿ. ನನಗೆ ಕೇಳಿದರೆ ಬಾಗಲಕೋಟೆಯ ರೈತರು ಕಲಿಯಬೇಕಾದ ಡೆಲ್ಟಾ ಇದೇ.

ಸರದಿಯಿಂದ ಬಂದದ್ದು ಕೊರೊನಾದ ಡೆಲ್ಟಾ. ಹೊಸ ಹೊಸ ರೂಪಗಳು ಬಂದಾಗ ಜನ ಅವನ್ನು ದೇಶದ ಹೆಸರಿನಿಂದ ಕರೆಯತೊಡಗಿದ್ದರು. ಒಂದು ಬ್ರಿಟನ್ನಿನದು, ಒಂದು ದಕ್ಷಿಣ ಆಫ್ರಿಕಾದ್ದು, ಒಂದು ಭಾರತದ್ದು. ಇದರಿಂದ ದೇಶಕ್ಕೆ ಕೆಟ್ಟ ಹೆಸರು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ಮೇ 31ರಂದು ಗ್ರೀಕ್ ಅಕ್ಷರಗಳನ್ನು ಸಾಲಾಗಿ ಕೊಟ್ಟಿತು. ಭಾರತದಲ್ಲಿ ಮೊದಲು ಕಂಡದ್ದು ನಾಲ್ಕನೆಯದಾಗಿ ಬಂತು, ಡೆಲ್ಟಾ ಆಯಿತು. ಯಾರಿಗೂ ಏನೂ ಅನಿಸದ ಹೆಸರು ಬೇಕಿತ್ತು. ಆದರೆ ಆ ಎರಡನೇ ಅಲೆಯಲ್ಲಿ ಮನೆಯವರನ್ನು ಕಳಕೊಂಡವರಿಗೆ ಅದು ಈಗ ಬರೀ ಅಕ್ಷರವಾಗಿ ಉಳಿದಿಲ್ಲ.

ಹೆಸರನ್ನೇ ಬದಲಿಸಿದವರೂ ಇದ್ದಾರೆ. ರಷ್ಯನ್ನರು, ಬಲ್ಗೇರಿಯನ್ನರು ಬಳಸುವ ಸಿರಿಲಿಕ್ ಲಿಪಿಯ ಡಕಾರ ಡೆಲ್ಟಾದಿಂದಲೇ ಬಂದದ್ದು. ಆಕಾರ ನೋಡಿದರೆ ಗೊತ್ತಾಗುತ್ತೆ, ತ್ರಿಕೋನಕ್ಕೆ ಎರಡು ಕಾಲು ಬಂದಿವೆ. ಆದರೆ ಹಳೆಯ ಸ್ಲಾವ್ ಜನ ಡೆಲ್ಟಾ ಅನ್ನುವ ಹೆಸರು ಬಿಟ್ಟು ದೋಬ್ರೊ ಅಂದರು. ಒಳ್ಳೆಯದು ಅಂತ ಅರ್ಥ. ಗ್ರೀಕರು ಕಳೆದದ್ದನ್ನು ಅವರು ತಮ್ಮ ರೀತಿಯಲ್ಲಿ ಮತ್ತೆ ತುಂಬಿದರು. ಇನ್ನು ಈಗಿನ ಗ್ರೀಕರಲ್ಲಿ ಡಕಾರದ ಸದ್ದೇ ಜಾರಿಹೋಗಿದೆ. ಇಂಗ್ಲಿಷಿನ 'ದಟ್' ಅನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತಲ್ಲ, ಅಂಥ ಸದ್ದಿನಲ್ಲಿ ಧೆಲ್ತಾ ಅನ್ನುತ್ತಾರೆ. ಡೆಲ್ಟಾ ಅಂತ ಗಟ್ಟಿಯಾಗಿ ಹೇಳುವವರು ನಾವು, ಗ್ರೀಕರಲ್ಲ.

ಕೊನೆಗೆ ಒಬ್ಬ ಮೇಷ್ಟ್ರು ಕೇಳಿದ ಪ್ರಶ್ನೆ: "ನಮ್ಮ ದ, ಧ ಇವಕ್ಕೂ ದಾಲೆತ್‌ಗೂ ನಂಟು ಇದೆಯೇನ್ರೀ?"

ಕನ್ನಡ ಲಿಪಿಯ ಮೂಲ ಬ್ರಾಹ್ಮಿ. ಬ್ರಾಹ್ಮಿಯ ಮೂಲ ಯಾವುದು ಅನ್ನುವುದರ ಮೇಲೆ ಜಗಳ ಇದೆ. 19ನೇ ಶತಮಾನದ ಕೊನೆಯಲ್ಲಿ ಬ್ಯೂಲರ್ ಅನ್ನುವ ಜರ್ಮನ್ ವಿದ್ವಾಂಸ ಬ್ರಾಹ್ಮಿ ಸೆಮಿಟಿಕ್ ಲಿಪಿಯಿಂದ ಬಂತು, ಅದರ ಧ ದಾಲೆತ್‌ನಿಂದ ಬಂತು ಎಂದು ವಾದಿಸಿದ. ಇಲ್ಲ, ಬ್ರಾಹ್ಮಿ ಇಲ್ಲೇ ಹುಟ್ಟಿದ್ದು ಅನ್ನುವವರೂ ಬಲವಾಗಿ ಇದ್ದಾರೆ. ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ನೀವೇ ನೋಡಬಹುದು, ಹೇಗೂ ದೂರ ಏನಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಅದು ಬೆಳಕಿಗೆ ಬಂದಾಗ ದೇವಾನಾಂಪ್ರಿಯ ಅಂದರೆ ಅಶೋಕನೇ ಅನ್ನುವುದು ಗಟ್ಟಿಯಾಯಿತು. ಅದರಲ್ಲಿ ಬುಧ ಅನ್ನುವ ಪದವೂ ಧಮ ಅನ್ನುವ ಪದವೂ ಬರುತ್ತವೆ. ಎರಡರಲ್ಲೂ ಧ ಇದೆ. ಇಂಗ್ಲಿಷಿನ ಡಿ ತರಹ ಕಾಣುವ ಅಕ್ಷರ, ಒಂದು ನೇರ ಗೆರೆ, ಒಂದು ಅರ್ಧ ಸುತ್ತು. ಇಂಗ್ಲಿಷಿನ ಡಿ ಡೆಲ್ಟಾದಿಂದ ಬಂದದ್ದು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಮಸ್ಕಿಯ ಧ ಅದರ ನೆಂಟನೋ, ಸುಮ್ನೆ ಹೋಲಿಕೆಯೋ? ಬಾಗಲಕೋಟೆಯ ಬಾಗಿಲಿನ ವಿಷಯದಲ್ಲಿ ನಮಗೆ ತೀರ್ಪು ಹೇಳಲು ಶಾಸನ ಇತ್ತು. ಇಲ್ಲಿ ಶಾಸನದ ಅಕ್ಷರವೇ ಪ್ರಶ್ನೆ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ಬ್ರಾಹ್ಮಿ ಅಕ್ಷರಗಳ ಒಂದು ಪಟ್ಟಿ ಕೈಯಲ್ಲಿರಲಿ.